ಓದುಕೋಣೆಯ ಮೇಜಿನ ಸಂದು

ನಮ್ಮ ಭಾವನವರನ್ನು ಇಡೀ ಬೀದಿ ಕರೆಯುವುದು ‘ಕೂದಲು ಮೇಸ್ತ್ರಿ’ ಎಂದು. ತಲೆಯ ಮೇಲೆ ಒಂದೂ ಕೂದಲಿಲ್ಲ, ಆ ಮಾತು ಬೇರೆ. ಅವರು ಎರಡು ಹಲಗೆ ಸೇರಿಸಿದರೆ ನಡುವೆ ಕೂದಲು ಕೂಡ ತೂರುವುದಿಲ್ಲ ಎಂದು ಬಂದ ಹೆಸರು ಅದು. ನಲವತ್ತು ವರ್ಷದಿಂದ ಆ ಹೆಸರನ್ನು ಜೋಪಾನ ಮಾಡಿಕೊಂಡು ಬಂದಿದ್ದಾರೆ. ನಾನು ಅವರ ತಮ್ಮನ ಹೆಂಡತಿ. ಅದೇ ಶೆಡ್ಡಿನಲ್ಲಿ ಪಾಲಿಶ್ ಕೆಲಸ ನನ್ನದು. ಅವರ ಕೈಯಿಂದ ಹೊರಬಂದ ಪ್ರತಿಯೊಂದು ಅಂಚನ್ನೂ ಉಪ್ಪುಕಾಗದ ಹಿಡಿದು ತಡವುವವಳು ನಾನೇ. ಹಾಗಾಗಿ ಈ ವಿಷಯದಲ್ಲಿ ನನಗೇನೂ ಗೊತ್ತಿರಲಿಲ್ಲ ಎಂದು ನುಣುಚಿಕೊಳ್ಳುವ ಹಾಗಿಲ್ಲ.

ಆ ವರ್ಷ ಊರಿನಲ್ಲಿ ಹೊಸ ಗ್ರಂಥಾಲಯ ಎದ್ದಿತು. ಕಟ್ಟಿಸಿದ್ದು ಮೂವತ್ತು ದಾಟದ ಒಬ್ಬ ಆರ್ಕಿಟೆಕ್ಟ್ ಹುಡುಗಿ. ಆಕೆಯ ಮೊದಲ ಸ್ವಂತ ಕಟ್ಟಡ. ಓದುಕೋಣೆಯ ದೊಡ್ಡ ಮೇಜು ಮಾಡುವ ಕೆಲಸವನ್ನು ಭಾವನಿಗೆ ಕೊಟ್ಟಿದ್ದಳು. ಬಣ್ಣವಿಲ್ಲ, ಗಿಲಾವಿಲ್ಲ, ಬರೀ ಕಾಂಕ್ರೀಟು ಮತ್ತು ಗಾಜು. ಭಾವ ಮೊದಲ ದಿನ ಒಳಗೆ ಕಾಲಿಟ್ಟು, ಪಾಪ, ಅರ್ಧಕ್ಕೇ ದುಡ್ಡು ಮುಗಿದಿರಬೇಕು ಎಂದು ನನ್ನ ಕಿವಿಯಲ್ಲಿ ಉಸುರಿದರು. ಓದುಕೋಣೆಯ ನೆಲದ ನಟ್ಟನಡುವೆ, ಈ ಗೋಡೆಯಿಂದ ಆ ಗೋಡೆಯ ತನಕ, ಬೆರಳಗಲದ ಒಂದು ಸಂದು ಇತ್ತು. ಅದರೊಳಗೆ ಕಪ್ಪು ರಬ್ಬರು ತುಂಬಿತ್ತು. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ಹಿಗ್ಗಲು ಜಾಗ ಬೇಕು ಎಂದು ಆಕೆ ವಿವರಿಸಿದಳು. ಕೆಲಸ ಬಾರದವರಿಗೆ ನೆಪ ಸಾವಿರ ಎಂದು ಭಾವ ಮೂಗು ಮುರಿದರು. ಆದರೂ ಮರುದಿನ ಹೋದರು, ಅದರ ಮರುದಿನವೂ ಹೋದರು. ಮಧ್ಯಾಹ್ನದ ಬೆಳಕು ಆ ಬೋಳು ಗೋಡೆಯ ಮೇಲೆ ಇಳಿಯುವುದನ್ನು ಗಂಟೆಗಟ್ಟಲೆ ಕೂತು ನೋಡಿದರು. ಆಮೇಲೆ ಶೆಡ್ಡಿಗೆ ಬಂದು, ಮೇಜಿಗೆಂದು ತಾವು ಬರೆದಿಟ್ಟಿದ್ದ ಹೂಬಳ್ಳಿಯ ಕೆತ್ತನೆಯ ಕಾಗದವನ್ನು ತಾವೇ ಮಡಿಸಿ ಒಲೆಗೆ ಹಾಕಿದರು. ಆ ಕೋಣೆಗೆ ಇದು ಬೇಡ ಎಂದರು. ಅಷ್ಟು ಬೇಗ ಸೋಲೊಪ್ಪಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೇಜು ಇಪ್ಪತ್ತಡಿ ಉದ್ದ, ಆರಡಿ ಅಗಲ. ಉದ್ದದ ಎರಡೂ ಪಕ್ಕ ನೆಲದಿಂದಲೇ ಎದ್ದ ಕಾಂಕ್ರೀಟಿನ ಗಿಡ್ಡ ಗೋಡೆ. ಅವುಗಳ ನಡುವೆ ಮರದ ಹಾಸು ಕೂರಬೇಕು. ಪ್ರತಿ ಪಕ್ಕದಲ್ಲೂ ಬೆರಳಗಲ ಜಾಗ ಬಿಡಬೇಕು ಎಂದು ಆಕೆಯ ನಕ್ಷೆಯಲ್ಲಿ ಕೆಂಪು ಗೆರೆ ಎಳೆದಿತ್ತು. ಮರ ತೇವಕ್ಕೆ ಅಡ್ಡಡ್ಡ ಹಿಗ್ಗುತ್ತದೆ ಎನ್ನುವುದು ಭಾವನಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಆದರೆ ಎದುರಿಗೆ ಅಷ್ಟು ದೊಡ್ಡ ಸಂದು ಕಾಣುವುದು ಅವರ ಹೊಟ್ಟೆಗೆ ಇಳಿಯಲಿಲ್ಲ. ಮುದುಕನಿಗೆ ಅಳತೆ ತಪ್ಪಿದೆ ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಭಯ. ಹಾಸನ್ನು ಅಷ್ಟಕ್ಕಷ್ಟು ಬಿಗಿಯಾಗಿ ಕೂರಿಸಿಬಿಟ್ಟರು. ಆಕೆ ಬಂದು ಕೇಳಿದಾಗ, ಮೇಲಿನ ಅಂಚು ಮಾತ್ರ ತಾಗಿದೆ, ಅಡಿಯಲ್ಲಿ ಕೊರೆದು ಜಾಗ ಬಿಟ್ಟಿದ್ದೇನೆ ಎಂದರು. ಆಕೆ ನಂಬಿದಳು. ಪಕ್ಕದಲ್ಲೇ ಪಾಲಿಶ್ ಬಟ್ಟೆ ಹಿಡಿದು ನಿಂತಿದ್ದ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಉದ್ಘಾಟನೆಗೆ ನಾಲ್ಕು ದಿನ ಇರುವಾಗ ಮಳೆ ಹಿಡಿಯಿತು. ಬಿಡಲೇ ಇಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಏಳಕ್ಕೆ ಕಾವಲುಗಾರ ಫೋನು ಮಾಡಿ, ಮೇಜು ಟಕ್ ಟಕ್ ಅನ್ನುತ್ತಿದೆ, ಒಳಗೆ ಹೋಗಲು ಭಯವಾಗುತ್ತದೆ ಎಂದ. ಹನ್ನೊಂದಕ್ಕೆ ಸಮಾರಂಭ. ನಾವು ಹೋದಾಗ ಕೋಣೆ ತುಂಬ ಹಸಿ ಕಾಂಕ್ರೀಟಿನ ವಾಸನೆ. ಭಾವ ಪೆನ್ಸಿಲನ್ನು ಮೇಜಿನ ನಡುವೆ ಇಟ್ಟರು. ಅದು ಉರುಳಿಕೊಂಡು ಅಂಚಿಗೆ ಬಂದು ಬಿತ್ತು. ಹಾಸು ಉಬ್ಬಿತ್ತು. ಬಾಗಿಲ ಕಡೆಯ ಗಿಡ್ಡ ಗೋಡೆಯ ಮೂಲೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಬಟ್ಟೆಯಿಂದ ಒರೆಸಿದೆ, ಕೊಳೆಯಾಗಿರಲಿ ದೇವರೇ ಎಂದುಕೊಂಡೆ. ಹೋಗಲಿಲ್ಲ.

ಈಗ ನನ್ನ ಮಾತು ಹೇಳಿಬಿಡುತ್ತೇನೆ. ಇವತ್ತೊಂದು ದಿನ ಹೇಗೋ ತಳ್ಳಿಬಿಡೋಣ, ಮೇಲೊಂದು ದಪ್ಪ ಬಟ್ಟೆ ಹಾಸೋಣ, ನಾಳೆ ಯಾರಿಗೂ ಗೊತ್ತಾಗದ ಹಾಗೆ ಬಂದು ಕೊಯ್ಯೋಣ ಎಂದವಳು ನಾನೇ. ಭಾವ ಬೇಡ ಎನ್ನಲಿಲ್ಲ. ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಷ್ಟರಲ್ಲಿ ಮೇಜು ಮತ್ತೊಮ್ಮೆ ಟಕ್ ಎಂದಿತು. ಗೋಡೆಯ ಮೂಲೆಯಿಂದ ಉಗುರಿನಷ್ಟು ಕಾಂಕ್ರೀಟು ಹಾರಿ ನೆಲಕ್ಕೆ ಬಿತ್ತು. ಬಾಗಿಲಲ್ಲಿ ಹುಡುಗಿ ನಿಂತಿದ್ದಳು, ಕೊಡೆಯನ್ನೂ ಮಡಿಸಿರಲಿಲ್ಲ.

ಆಕೆ ಆ ಚೂರನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. “ಮೇಸ್ತ್ರಿ, ಅಡಿಯಲ್ಲಿ ಜಾಗ ಬಿಟ್ಟಿದ್ದೀರಲ್ಲ?”

ಭಾವ ಹೂಂ ಎಂದುಬಿಟ್ಟಿದ್ದರೆ ತಪ್ಪು ಮಳೆಯದು, ಇಲ್ಲವೇ ಆಕೆಯ ಕಾಂಕ್ರೀಟಿನದು. ಆಕೆಯ ಮೊದಲ ಕಟ್ಟಡದ ಮೇಲೇ ಅಪವಾದ ಬರುತ್ತಿತ್ತು. ಕೂದಲು ಮೇಸ್ತ್ರಿಯ ಹೆಸರಿಗೆ ಧಕ್ಕೆಯಿಲ್ಲ.

“ಇಲ್ಲಮ್ಮ,” ಎಂದರು ಭಾವ. “ನಿಮ್ಮ ಹತ್ರ ಸುಳ್ಳು ಹೇಳಿದ್ದೆ.”

ಆಕೆ ಬೈದಿದ್ದರೆ ಒಳ್ಳೆಯದಿತ್ತು. ಗಡಿಯಾರ ನೋಡಿ, ಎಷ್ಟು ಹೊತ್ತು ಬೇಕು ಎಂದಷ್ಟೇ ಕೇಳಿದಳು. ಮೂರು ಗಂಟೆ ಎಂದರು. ಎಲ್ಲಿ ಕೊಯ್ಯುತ್ತೀರಿ ಎಂದಳು. ಅಂಚುಗಳು ಗೋಡೆಗೆ ಕಚ್ಚಿಕೊಂಡಿವೆ, ಅಲ್ಲಿ ಗರಗಸ ಇಳಿಯುವುದಿಲ್ಲ. ಭಾವ ಕೋಣೆಯ ಸುತ್ತ ಒಂದು ಸಲ ನೋಡಿದರು. ಆಮೇಲೆ ಮೇಜಿನ ಕೆಳಗಿಂದ ಆಚೀಚೆ ಹೊರಬಂದಿದ್ದ ನೆಲದ ಸಂದಿನ ಮೇಲೆ ಕಣ್ಣು ನಿಂತಿತು. ಗೆರೆ ಆಗಲೇ ಇದೆ ಎಂದರು. ನೆಲದ ಸಂದಿಗೆ ನೇರವಾಗಿ ಮೇಜಿನ ಮೇಲೆ, ಈ ತುದಿಯಿಂದ ಆ ತುದಿಗೆ. ಹುಡುಗಿ ಒದ್ದೆ ನೆಲದಲ್ಲಿ ಮಂಡಿಯೂರಿ ಸುಣ್ಣ ಹಚ್ಚಿದ ದಾರದ ಒಂದು ತುದಿ ಹಿಡಿದಳು, ಇನ್ನೊಂದು ನಾನು ಹಿಡಿದೆ. ಭಾವ ಮೀಟಿದರು. ಮೂರು ತಿಂಗಳು ನಾನು ತಿಕ್ಕಿ ತಿಕ್ಕಿ ಹೊಳಪು ತಂದ ಮರದ ಮೇಲೆ ಸುಣ್ಣದ ಗೆರೆ ಬಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಯಂತ್ರದ ಗರಗಸ ಮೊದಲ ಅಡಿಯಲ್ಲೇ ಸಿಕ್ಕಿಕೊಂಡಿತು. ಒತ್ತಡಕ್ಕೆ ಮರ ಅಲಗನ್ನು ಕಚ್ಚಿ ಹಿಡಿಯುತ್ತಿತ್ತು. ಭಾವ ಅಲಗಿಗೆ ಮೇಣ ಸವರಿ, ಒಂದೊಂದೇ ನೂಲಿನಷ್ಟು ಆಳ ಇಳಿಸುತ್ತ, ಅದೇ ಗೆರೆಯನ್ನು ಮತ್ತೆ ಮತ್ತೆ ಕೊಯ್ದರು. ಕೊಯ್ದದ್ದು ಮುಚ್ಚಿಕೊಳ್ಳುತ್ತಿತ್ತು, ಮತ್ತೆ ಕೊಯ್ಯುತ್ತಿದ್ದರು. ಒಂಬತ್ತಾಯಿತು, ಹತ್ತಾಯಿತು. ಹೊರಗೆ ಕುರ್ಚಿ ಜೋಡಿಸುವ ಸದ್ದು. ಹತ್ತೂಕಾಲಿಗೆ ದೊಡ್ಡದೊಂದು ಶಬ್ದವಾಗಿ ಇಡೀ ಮೇಜು ಅದುರಿತು. ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟಾಗ ಹಾಸು ಮಟ್ಟಸವಾಗಿ ಕೂತಿತ್ತು, ಎರಡು ತುಂಡಾಗಿ. ಅಲ್ಲಿಂದ ಮುಂದೆ ಅಂಚುಗಳನ್ನು ಕೀಸಿ ಬೆರಳಗಲ ಮಾಡುವುದು, ನಾನು ಪಾಲಿಶ್ ಹಚ್ಚುವುದು, ಎಲ್ಲ ಓಡೋಡಿ ಮುಗಿಯಿತು. ಜನ ಒಳಗೆ ಬಂದಾಗ ಕಸ ಗುಡಿಸಿದ ಪೊರಕೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಎಲ್ಲರೂ ಆ ಸಂದಿನ ಮೇಲೇ ಕೈಯಾಡಿಸಿದರು. ನೆಲದ ಗೆರೆ ಮೇಜಿಗೆ ಹತ್ತಿ ಮತ್ತೆ ನೆಲಕ್ಕೆ ಇಳಿಯುತ್ತದೆ, ಆಹಾ ಎಂದರು. ಹುಡುಗಿ ಯಾರಿಗೂ ಏನೂ ಹೇಳಲಿಲ್ಲ. ಭಾವನ ಜೊತೆಗೂ ಮಾತಾಡಲಿಲ್ಲ. ಆಕೆಯ ಮುಂದಿನ ಎರಡು ಕಟ್ಟಡಗಳ ಮರದ ಕೆಲಸ ಬೇರೆಯವರಿಗೆ ಹೋಯಿತು.

ವರ್ಷದ ಮೇಲೆ ಪತ್ರಿಕೆಯವರೊಬ್ಬರು ಆ ಮೇಜಿನ ಬಗ್ಗೆ ಬರೆಯಲು ಇಬ್ಬರನ್ನೂ ಅಲ್ಲಿಗೇ ಕರೆಸಿದರು. ನಾನೂ ಹೋಗಿದ್ದೆ. ಇಂಥ ಕಲ್ಪನೆಗೆ ಸ್ಫೂರ್ತಿ ಎಲ್ಲಿಂದ ಬಂತು ಎಂದು ಭಾವನನ್ನು ಕೇಳಿದರು. ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಎರಡನೆಯ ಸಲವೂ ಸುಳ್ಳು ಹೇಳುವುದು ಎಷ್ಟು ಸಲೀಸಾಗಿದೆಯಲ್ಲ ಎಂದುಕೊಂಡೆ.

“ಇವರು ಜಾಗ ಬಿಡಿ ಅಂದಿದ್ರು. ನಾನು ಬಿಡಲಿಲ್ಲ, ಬಿಟ್ಟಿದ್ದೀನಿ ಅಂತ ಸುಳ್ಳು ಹೇಳ್ದೆ. ಮರ ಒಡೆಯೋಕೆ ಬಂತು, ಕೊಯ್ದೆ. ಎಲ್ಲಿ ಕೊಯ್ಯಬೇಕು ಅಂತ ಇವರ ನೆಲ ನೋಡಿ ಗೊತ್ತಾಯ್ತು. ಅಷ್ಟೇ.”

ಪತ್ರಿಕೆಯವರು ನಕ್ಕರು. ಅಚ್ಚಾಗಿದ್ದು ಮಾತ್ರ ‘ಮರದ ಉಸಿರಾಟವೇ ಇವರಿಗೆ ಸ್ಫೂರ್ತಿ’ ಎಂದು. ಹುಡುಗಿ ನಗಲಿಲ್ಲ. ಮುಂದಿನ ತಿಂಗಳು ಒಂದು ಶಾಲೆಯ ಮೆಟ್ಟಿಲಿನ ನಕ್ಷೆ ಕಳಿಸಿದಳು.

ಇಪ್ಪತ್ತೆರಡು ಮೆಟ್ಟಿಲು. ಕೆಲಸ ಮುಗಿದ ದಿನ ಆಕೆ ಅಳತೆಪಟ್ಟಿ ಹಿಡಿದು ಬಂದು, ಒಂದೊಂದು ಮೆಟ್ಟಿಲಿನ ಬಳಿಯೂ ಬಗ್ಗಿ, ಬಿಟ್ಟ ಜಾಗವನ್ನು ಅಳೆದಳು. ಇನ್ನೊಂದು ತುದಿ ಹಿಡಿದುಕೊಂಡು ಭಾವ ಇಪ್ಪತ್ತೆರಡು ಸಲ ಬಗ್ಗಿ ಎದ್ದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬರುವ ದಾರಿಯಲ್ಲಿ, ಈ ವಯಸ್ಸಿನಲ್ಲಿ ಇದನ್ನೂ ಸಹಿಸಬೇಕಾ ಎಂದು ಕೇಳಿಯೇಬಿಟ್ಟೆ.

“ಅಳೀಲಿ ಬಿಡು,” ಎಂದರು ಭಾವ. “ನಂಬಿಕೆ ಇಲ್ದಿದ್ರೂ ಕರೆದಳಲ್ಲ.”