ಅತಿಥಿಗಳಿಗೆಂದು ಬಳಿದ ಬಣ್ಣ

ತಾಷ್ಕೆಂಟಿನ ಚಿಲೋನ್ಜಾರ್ ಬಡಾವಣೆಯಲ್ಲಿ ನಫೋಸತ್ ಎಂದರೆ ಯಾರಿಗೂ ಗುರುತು ಹತ್ತುವುದಿಲ್ಲ. ‘ಗೋಡೆ ತೋರಿಸೋ ಟೀಚರಮ್ಮ’ ಎಂದು ಕೇಳಿ ನೋಡಿ, ಕಲ್ಲಂಗಡಿ ಮಾರುವವನೂ ಕೈ ಚಾಚಿ ದಾರಿ ತೋರಿಸುತ್ತಾನೆ. ಇಪ್ಪತ್ತಾರು ವರ್ಷ ಭೂಗೋಳ ಪಾಠ ಮಾಡಿದ ಗಂಟಲು ನಿವೃತ್ತಿಯಾದ ಮೇಲೆ ಸುಮ್ಮನೆ ಕೂತೀತೇ? ಶನಿವಾರ ಬಂತೆಂದರೆ ಏಳೆಂಟು ಜನರನ್ನು ಕಟ್ಟಿಕೊಂಡು, ಸೋವಿಯತ್ ಕಾಲದ ಕಟ್ಟಡಗಳ ಮೇಲೆ ಬಣ್ಣದ ಹರಳು ಕೂರಿಸಿ ಮಾಡಿದ ಮೊಸಾಯಿಕ್ ಚಿತ್ರಗಳನ್ನು ತೋರಿಸುತ್ತ ಬೀದಿ ಬೀದಿ ಅಲೆಯುತ್ತಾಳೆ. ನೋಡುವ ಮೊದಲೇ ಯಾರಾದರೂ ಫೋನ್ ಎತ್ತಿದರೆ, ಅವರು ಯಾವ ದೇಶದವರೇ ಆಗಲಿ, ಗದರಿಕೆ ತಪ್ಪಿದ್ದಲ್ಲ.

ಅಷ್ಟು ಗೋಡೆಗಳಲ್ಲಿ ಒಂದೇ ಒಂದರ ಮೇಲೆ ಅವಳ ಜೀವ. ನಾಲ್ಕಂತಸ್ತಿನ ಹಳೆಯ ವಸತಿ ಕಟ್ಟಡದ ಪಕ್ಕದ ಗೋಡೆ ಅದು. ದಾಳಿಂಬೆ ಗಿಡದ ಪಕ್ಕ ಹತ್ತಿ ಬಿಡಿಸುತ್ತಿರುವ ಹೆಂಗಸು, ಅವಳ ತಲೆಯ ಮೇಲೆ ಹಾರುತ್ತಿರುವ ರಾಕೆಟ್ಟು. ಚಿತ್ರ ಬರೆದ ಕಲಾವಿದನ ಹೆಸರು ಮೂಲೆಯಲ್ಲಿದೆ. ಆದರೆ ಆ ದಾಳಿಂಬೆಗಳ ಕೆಂಪು ಹರಳುಗಳನ್ನು ಒಂದೊಂದಾಗಿ ಕೂರಿಸಿದವಳು ನಫೋಸತಳ ತಾಯಿ. ಕೂಲಿಯಾಳಿನ ಹೆಸರನ್ನು ಯಾರು ಬರೆಯುತ್ತಾರೆ?

ಈಗ ಆ ಗೋಡೆಗೇ ಕುತ್ತು ಬಂದಿತ್ತು. ಚಳಿ ತಡೆಯಲು ಅದರ ಮೇಲೆ ಫೋಮ್ ಹಲಗೆ ಬಡಿದು ಸಿಮೆಂಟು ಮೆತ್ತುತ್ತಾರಂತೆ. ಹಾಗೆ ಮಾಡಲು ಕಟ್ಟಡದ ಎಲ್ಲ ಮನೆಯವರ ಸಹಿ ಬೇಕು; ಒಬ್ಬರೂ ತಪ್ಪದೆ ಹಾಕಿಯಾಗಿತ್ತು. ಗೋಡೆ ಉಳಿಯಬೇಕಾದರೆ ಸಂರಕ್ಷಿತ ಪಟ್ಟಿಗೆ ಸೇರಬೇಕು. ಪಟ್ಟಿ ಮಾಡುವ ಅಧಿಕಾರಿ ಶೋಕಿರ್ ಮುಂದಿನ ಶನಿವಾರದ ಸುತ್ತಾಟಕ್ಕೆ ಬರುವುದಾಗಿ ಒಪ್ಪಿದಾಗ ನಫೋಸತಳಿಗೆ ಸ್ವರ್ಗ ಮೂರೇ ಗೇಣು. ಆ ಕಟ್ಟಡದ ಹಿರಿಯ ತುರ್ಗುನ್‌ಬೋಯ್ ಹತ್ತಿರ ಹೋಗಿ, “ಶನಿವಾರ ದೊಡ್ಡ ಅತಿಥಿಗಳು ಬರ್ತಾರೆ ಅಣ್ಣಾ, ಅಂಗಳ ಸ್ವಲ್ಪ ಚೊಕ್ಕಟವಾಗಿರ್ಲಿ” ಎಂದಳು.

ಅಷ್ಟೇ ಅಂದದ್ದು. ಅತಿಥಿ ಎಂಬ ಮಾತು ಆ ಜನರ ಕಿವಿಗೆ ಬಿದ್ದರೆ ಮುಗಿಯಿತು, ಹೊಸ ಕಂಬಳಿಯನ್ನೂ ಇನ್ನೊಮ್ಮೆ ಒಗೆಯುತ್ತಾರೆ. ಅದರ ಮೇಲೆ ನವ್ರೂಜ್ ಹಬ್ಬ ಬೇರೆ ಹತ್ತಿರ ಬಂದಿತ್ತು, ಮರದ ಬುಡಗಳಿಗೆಲ್ಲ ಸುಣ್ಣ ಬಳಿಯುವ ಕಾಲ.

ಶನಿವಾರ ಶೋಕಿರನೊಡನೆ ಮೂಲೆ ತಿರುಗಿದ ನಫೋಸತ್ ನಿಂತಲ್ಲೇ ನಿಂತಳು. ಆಳೆತ್ತರದವರೆಗೆ ಗೋಡೆಯೆಲ್ಲ ಎಣ್ಣೆಬಣ್ಣ! ದಾಳಿಂಬೆಗಳು ಬೆಂಕಿ ಆರಿಸುವ ಗಾಡಿಯ ಹಾಗೆ ಹೊಳೆಯುತ್ತಿದ್ದವು. ಹತ್ತಿ ಬಿಡಿಸುವವಳಿಗೆ ಹುಬ್ಬು ತೀಡಿ ತುಟಿಗೆ ಕೆಂಪು ಹಚ್ಚಿದ್ದರು.

“ಹೆಂಗಿದೆ ತಂಗೀ?” ತುರ್ಗುನ್‌ಬೋಯ್ ಎದೆಯ ಮೇಲೆ ಕೈಯಿಟ್ಟು ಬಂದ. “ಹಶರ್ ಕರೆದ್ವಿ, ಎಲ್ಲಾ ಮನೆಯವರೂ ಮುಯ್ಯಾಳಾಗಿ ಬಂದ್ರು. ಮಾಸಿದ ಗೋಡೆ ತೋರಿಸಿ ಅತಿಥಿಗಳ ಮುಂದೆ ನಿನ್ನ ಮರ್ಯಾದೆ ಕಳೆಯೋದಾ?”

“ಅಯ್ಯೋ ಅಣ್ಣಾ...” ಎಂದಳು ನಫೋಸತ್.

ಶೋಕಿರ್ ಉಗುರಿನಿಂದ ಬಣ್ಣ ಕೆರೆದು ನೋಡಿ ತಲೆಯಾಡಿಸಿದ. “ಇದನ್ನ ಈ ವರ್ಷ ಪಟ್ಟಿಗೆ ಸೇರ್ಸೋಕೆ ಆಗಲ್ಲ ಅಕ್ಕಾ. ಯಾರು ಬಳಿದಿದ್ದು? ಹೆಸರು ಬರ್ಕೋಬೇಕು.”

ಹೊಗಳಲೆಂದೇ ಕೇಳುತ್ತಿದ್ದಾನೆ ಅಂದುಕೊಂಡು ತುರ್ಗುನ್‌ಬೋಯ್ ಹೆಮ್ಮೆಯಿಂದ ಬಾಯಿ ತೆರೆಯುವುದರಲ್ಲಿದ್ದ. ನಫೋಸತ್ ನಡುವೆ ನುಗ್ಗಿದಳು.

“ನನ್ನ ಹೆಸರು ಬರ್ಕೊಳ್ಳಿ. ಅತಿಥಿ ಬರ್ತಾರೆ ಅಂದೋಳು ನಾನು. ಗೋಡೆ ಮುಟ್ಬೇಡಿ ಅನ್ನೋಕೆ ಮರೆತೋಳೂ ನಾನೇ.”

ಆಗ ಮುದುಕನಿಗೆ ವಿಷಯ ಹೊಳೆಯಿತು. ಮುಖ ಸಣ್ಣಗಾಯಿತು.

ಗೋಡೆಯ ಹಿಂದಿನ ನೆಲಮಹಡಿಯ ಮನೆ ಸಾರಾಖೋನ್ ಅಜ್ಜಿಯದು. ನಫೋಸತಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ, ರೊಟ್ಟಿ ಮುರಿದಿಟ್ಟು, ಬಟ್ಟಲಿಗೆ ಹಸಿರು ಚಹಾ ಬಗ್ಗಿಸಿದಳು. ಮಾರ್ಚ್ ತಿಂಗಳಲ್ಲೂ ಒಳಗೆ ಹೊರಗಿಗಿಂತ ಚಳಿ. ದಾಳಿಂಬೆಗಳಿದ್ದ ಜಾಗದ ಹಿಂಬದಿಗೆ ಗೋಡೆಯುದ್ದಕ್ಕೂ ಹಳೆಯ ಕೌದಿ ಬಡಿದಿದ್ದರು. ಅದರ ಅಂಚಿನಲ್ಲಿ ಕಪ್ಪಗೆ ಬೂಸಲು ಹಿಡಿದಿತ್ತು.

“ಇಲ್ಲೇನಾ ಅಜ್ಜಿ ನೀವು ಮಲಗೋದು?”

“ಮತ್ತೆಲ್ಲಿ ಮಲಗ್ಲಿ? ಮೂರು ವರ್ಷದಿಂದ ಆಚೆ ನಿಂತು ನೀನು ಹೇಳೋದೆಲ್ಲ ಇಲ್ಲಿ ಮಲಗಿ ಕೇಳ್ತೀನಿ. ಈ ಗೋಡೆ ಚಳೀನೂ ತಡೆಯಲ್ಲ, ನಿನ್ನ ಗಂಟ್ಲೂ ತಡೆಯಲ್ಲ. ನಿಮ್ಮಮ್ಮ ಹರಳು ಕೂರಿಸಿದ ಕಥೆ ನನಗೆ ಬಾಯಿಪಾಠ ಕಣೇ. ಒಂದು ದಿನವಾದ್ರೂ ಬಾಗಿಲು ತಟ್ಟಿದ್ಯಾ?”

ನಫೋಸತಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಯಾವ ಹರಳು ಯಾವ ಊರಿನ ಕಾರ್ಖಾನೆಯದೆಂದು ಬಲ್ಲವಳಿಗೆ ಗೋಡೆಯ ಹಿಂದೆ ಯಾರಿದ್ದಾರೆಂದು ಗೊತ್ತಿರಲಿಲ್ಲ.

“ಹೋಗ್ಲಿ ಬಿಡು” ಎಂದಳು ಅಜ್ಜಿ. “ಆ ಸಹಿ ಕಾಗದ ತರ್ಸು. ನನ್ನ ಹೆಸರು ಹೊಡೆದು ಹಾಕ್ತೀನಿ. ನಾವೇ ಕೆಡಿಸಿದ್ದೀವಿ, ನಾವೇ ಉಳಿಸ್ಬೇಕು. ಇನ್ನೊಂದು ಕೌದಿ ಹೊದ್ರಾಯ್ತು.”

ಅದೊಂದು ಗೀಟು ಸಾಕಿತ್ತು, ಗೋಡೆ ಉಳಿಯುತ್ತಿತ್ತು. ನಫೋಸತ್ ಆ ಕೌದಿಯನ್ನು ನೋಡಿದಳು, ಅಜ್ಜಿಯ ಊದಿದ ಬೆರಳುಗಳನ್ನು ನೋಡಿದಳು. ಕಣ್ಣು ತುಂಬಿ ಬಂತು.

“ಬೇಡ ಅಜ್ಜಿ. ಸಹಿ ಹಾಗೇ ಇರ್ಲಿ” ಎಂದಳು. “ನಿಮಗೆ ಬೆಚ್ಚಗಿರ್ಲಿ.”

ಏಪ್ರಿಲ್‌ನಲ್ಲಿ ಹಲಗೆಗಳು ಬಂದು ಅಂಗಳದಲ್ಲಿ ಬಿದ್ದವು. ಕೆಲಸದವರು ಮರುದಿನ ಬರುವವರಿದ್ದರು. ಕೊನೆಯ ಬಾರಿ ನೋಡಿ ಬರೋಣವೆಂದು ನಫೋಸತ್ ಬೆಳಿಗ್ಗೆಯೇ ಹೋದಳು. ಹೋದರೆ ಕಟ್ಟಡದವರೆಲ್ಲ ಗೋಡೆಯ ಮುಂದಿದ್ದಾರೆ! ಬಕೆಟ್ಟು, ಸೀಮೆಎಣ್ಣೆ, ಚಿಂದಿಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ತುರ್ಗುನ್‌ಬೋಯ್ ಟೋಪಿ ಪಕ್ಕಕ್ಕಿಟ್ಟು, ಹತ್ತಿ ಬಿಡಿಸುವವಳ ತುಟಿಯ ಬಣ್ಣವನ್ನು ಮೆಲ್ಲಗೆ ಒರೆಸುತ್ತಿದ್ದ.

“ಏನ್ ಮಾಡ್ತಿದ್ದೀರಾ ಅಣ್ಣಾ? ನಾಳೆ ಮುಚ್ಚೇ ಬಿಡ್ತಾರಲ್ಲ!”

“ಅದಕ್ಕೇ ತಂಗೀ” ಎಂದ ಮುದುಕ, ಕೈ ನಿಲ್ಲಿಸದೆ. “ಸತ್ತೋರ್ಗೆ ಬಟ್ಟೆ ಹೊದಿಸಿ ಕಳ್ಸೋಕೆ ಮುಂಚೆ ಮೈ ತೊಳೆಯೋಲ್ವಾ? ದಾಳಿಂಬೆ ಮೇಲಿನ ಬಣ್ಣ ಮಾತ್ರ ನಾವ್ಯಾರೂ ಒರೆಸಿಲ್ಲ, ನಿನಗೇ ಬಿಟ್ಟಿದ್ದೀವಿ. ಅದು ನಿಮ್ಮಮ್ಮಂದು.”

ನಫೋಸತ್ ಸೆರಗು ಸೊಂಟಕ್ಕೆ ಬಿಗಿಯುವವಳ ಹಾಗೆ ತಲೆವಸ್ತ್ರ ಬಿಗಿದು ಕಟ್ಟಿ, ಚಿಂದಿಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಮೊದಲ ಹಣ್ಣಿನ ಮುಂದೆ ಕೂತಳು.