ನಾನು ಸಹಿ ಮಾಡಿದ ನಲವತ್ತಮೂರು ದಿನ

2015ರಲ್ಲಿ ನಾನು ಚೆನ್ನೈನ ಒಂದು ಖಾಸಗಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಉಪಪ್ರಾಂಶುಪಾಲೆ. ಬಿಡಿಎಸ್ ಓದು ನಾಲ್ಕು ವರ್ಷ, ಅದಾದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅಂದರೆ ಹಲ್ಲು ಕೀಳುವ ವಿಭಾಗ, ಹಲ್ಲು ತುಂಬುವ ವಿಭಾಗ, ಮಕ್ಕಳ ವಿಭಾಗ ಎಂದು ಸರದಿಯ ಮೇಲೆ ರೋಗಿಗಳನ್ನು ನೋಡಿ ಕೈ ಪಳಗಿಸಿಕೊಳ್ಳಬೇಕು. ಆ ವರ್ಷ ತೊಂಬತ್ತಾರು ಇಂಟರ್ನ್‌ಗಳಿದ್ದರು. ಅವರ ಹಾಜರಿ, ರಜೆ, ಅಳು, ಜಗಳ ಎಲ್ಲವೂ ನನ್ನ ಮೇಜಿಗೇ ಬರುತ್ತಿತ್ತು. ಸಂಜೆಯಾಗುವಷ್ಟರಲ್ಲಿ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು.

ಗಿರಿಜಾ ಅವರಲ್ಲಿ ಒಬ್ಬಳು. ಟಿ. ನಗರದಲ್ಲಿ ಸೀರೆ ಅಂಗಡಿ ಇಟ್ಟಿದ್ದ ದಾವಣಗೆರೆ ಕಡೆಯವರ ಮಗಳು. ಕಾಲೇಜಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವಳು ಅವಳೊಬ್ಬಳೇ. ಅದೂ ನಡುನಡುವೆ ತಮಿಳು ನುಗ್ಗುವ ಕನ್ನಡ. ಬಾಯಿಯ ಶಸ್ತ್ರಚಿಕಿತ್ಸೆ ವಿಭಾಗದಲ್ಲಿ ಸರದಿ ಶುರುವಾದ ವಾರವೇ ಅವಳಿಗೆ ಕಾಮಾಲೆಯಾಯಿತು. ನಲವತ್ತಮೂರು ದಿನ ಮನೆಯಲ್ಲಿ ಮಲಗಿದಳು. ಎದ್ದು ಬಂದವಳು ಇನ್ನೂ ಹಳದಿ ಕಣ್ಣಲ್ಲೇ ನನ್ನ ಕೋಣೆಗೆ ಬಂದು ನಿಂತಳು.

“ಮೇಡಂ, ಎಕ್ಸ್‌ಟೆನ್ಷನ್ ಕೊಡ್ರಿ. ಅಷ್ಟೂ ದಿನ ಮಾಡಿ ಮುಗಿಸ್ತೀನಿ.”

ನಿಯಮವೂ ಅದೇ. ತಪ್ಪಿದ ದಿನಗಳನ್ನು ಕೊನೆಯಲ್ಲಿ ಸೇರಿಸಿ ಮಾಡಿಸಬೇಕು. ಆದರೆ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಪತ್ರ, ಪತ್ರಕ್ಕೆ ಮೂರು ಪ್ರತಿ, ಡಾಕ್ಟರ ಸರ್ಟಿಫಿಕೇಟು, ಅವರ ಪ್ರಶ್ನೆ, ನಮ್ಮ ಉತ್ತರ. ಯಾರಿಗೆ ಬೇಕು ಆ ರಾಮಾಯಣ!

“ಅಯ್ಯೋ ಹೋಗ್ಲಿ ಬಿಡಮ್ಮ, ನಾನು ಅಡ್ಜಸ್ಟ್ ಮಾಡ್ತೀನಿ. ಬ್ಯಾಚಿನ ಜೊತೆಗೇ ಮುಗಿಸು,” ಎಂದೆ. ಅವಳು ಇನ್ನೊಂದು ಸಲ ಕೇಳಿದಳು. ಕೈಬೀಸಿ ಕಳಿಸಿದೆ. ಮಧ್ಯಾಹ್ನ ಹಾಜರಿ ಪುಸ್ತಕ ತರಿಸಿ, ಕೂತ ಕಡೆಯೇ ನಲವತ್ತಮೂರು ಸಹಿ ಹಾಕಿದೆ. ಇಂಥದ್ದನ್ನು ಅವಳೊಬ್ಬಳಿಗೇ ಮಾಡಿದ್ದೆನೇ? ಇಲ್ಲ. ‘ಮೇಡಂ ತಾಯಿ ಥರ’ ಎಂದು ಹುಡುಗರು ಹೇಳಿಕೊಂಡು ತಿರುಗುತ್ತಿದ್ದರು. ಸುಳ್ಳೇಕೆ, ಕೇಳಿ ಹಿಗ್ಗುತ್ತಿದ್ದೆ.

ಒಂಬತ್ತು ವರ್ಷ ಕಳೆಯಿತು. ನಾನು ನಿವೃತ್ತಳಾದೆ. ಒಂದು ಭಾನುವಾರ ಬೆಳಗ್ಗೆ ಗಿರಿಜಾ ಐದು ವರ್ಷದ ಮಗಳ ಕೈಹಿಡಿದು ನಮ್ಮ ಮನೆಗೆ ಬಂದಳು. ಚೆನ್ನೈ ಹೊರವಲಯದ ಶೋಳಿಂಗನಲ್ಲೂರಿನಲ್ಲಿ ಯಾರದೋ ಕ್ಲಿನಿಕ್ಕಿನಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಯುತ್ತಿದ್ದಳು. ಗಂಡ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಆಸ್ಪತ್ರೆಯೊಂದರ ನರ್ಸ್. ಹೋಗಿ ಎರಡು ವರ್ಷವಾಗಿತ್ತು. ಅಲ್ಲಿ ದಂತವೈದ್ಯೆಯಾಗಿ ಕೆಲಸ ಮಾಡುವ ದಾರಿಯಾದ ಮೇಲೇ ತಾಯಿ ಮಗಳು ಹೊರಡುವುದೆಂದು ಗಂಡ ಹೆಂಡತಿ ತೀರ್ಮಾನಿಸಿಕೊಂಡಿದ್ದರು.

ಹೊರದೇಶದಲ್ಲಿ ಓದಿದ ದಂತವೈದ್ಯರಿಗೆ ಆಸ್ಟ್ರೇಲಿಯಾದಲ್ಲಿ ಮೂರು ಮೆಟ್ಟಿಲು. ಮೊದಲು ಪದವಿ, ಇಂಟರ್ನ್‌ಶಿಪ್, ನೋಂದಣಿ, ಅನುಭವ ಇವೆಲ್ಲದರ ಕಾಗದಪತ್ರ ಪರಿಶೀಲನೆ. ಅದರಲ್ಲಿ ಪಾಸಾದರೆ ಲಿಖಿತ ಪರೀಕ್ಷೆ. ಆಮೇಲೆ ಗೊಂಬೆಯ ಬಾಯಿಯಲ್ಲಿ ಕೂರಿಸಿದ ಪ್ಲಾಸ್ಟಿಕ್ ಹಲ್ಲುಗಳ ಮೇಲೆ ಕೈಕೆಲಸದ ಪರೀಕ್ಷೆ. ಮೂರೂ ದಾಟಿದರೆ ಅಲ್ಲಿನ ನೋಂದಣಿಗೆ ಅರ್ಜಿ. ಗಿರಿಜಾ ಲಿಖಿತ ಪರೀಕ್ಷೆಗೆಂದು ವರ್ಷದಿಂದ ಓದುತ್ತಿದ್ದಳು. ಎಡವಿದ್ದು ಮೊದಲ ಮೆಟ್ಟಿಲಲ್ಲಿ.

ತರಬೇತಿಯ ವಿವರ ಬರೆಯುವಾಗ ಅವಳು ಕಾಮಾಲೆಯ ನಲವತ್ತಮೂರು ದಿನವನ್ನು ಇದ್ದದ್ದು ಇದ್ದಂತೆ ಬರೆದಿದ್ದಳು. ನಾನು ಸಹಿ ಮಾಡಿದ ಇಂಟರ್ನ್‌ಶಿಪ್ ಸರ್ಟಿಫಿಕೇಟಿನಲ್ಲಿ ಒಂದು ದಿನವೂ ತಪ್ಪಿಲ್ಲ. ಎರಡರಲ್ಲಿ ಯಾವುದು ನಿಜ ಎಂದು ಅಲ್ಲಿಂದ ಪತ್ರ ಬಂದಿತ್ತು. ನಾಲ್ಕು ವಾರದೊಳಗೆ ಉತ್ತರ ಕೊಡದಿದ್ದರೆ ಫೈಲು ಮುಚ್ಚುತ್ತಾರೆ.

“ನಿಜ ಬರೆದು ನಾನೇ ಸುಳ್ಳುಗಾತಿ ಆಗ್ಬಿಟ್ಟೆ ಮೇಡಂ,” ಎಂದಳು.

ನನ್ನ ಬಾಯಿಗೆ ಏನಾಗಿತ್ತೋ! “ಒಂದು ವಾರ ಜ್ವರ ಇತ್ತು, ಅದು ಇದ್ದ ರಜೆಯಲ್ಲೇ ಹೋಯ್ತು, ಲೆಕ್ಕ ತಪ್ಪಿ ನಲವತ್ತಮೂರು ಅಂತ ಬಿತ್ತು ಅಂತ ಬರೆದುಬಿಡು. ಮುಗೀತು,” ಎಂದುಬಿಟ್ಟೆ.

ಗಿರಿಜಾ ನನ್ನ ಮುಖವನ್ನೇ ನೋಡಿದಳು. “ನಿಮ್ಮ ಸೈನ್ ಉಳೀಲಿ ಅಂತ ನನ್ನ ಕಾಯ್ಲೆ ಸುಳ್ಳು ಮಾಡ್ಲಾ ಮೇಡಂ? ಅದು ನನ್ನಿಂದ ಆಗಲ್ಲ.”

ನನಗೆ ಸಿಟ್ಟು ಬಂತು. ಅವಳು ಹೋದ ಮೇಲೆ ನಾಚಿಕೆಯಾಯಿತು. ಮಾರನೆಯ ದಿನ ಕಾಲೇಜಿಗೆ ಹೋದೆ. ಹಳೆಯ ಗುಮಾಸ್ತ ಸೆಲ್ವಂ ಧೂಳು ಕೊಡವಿ ಹಾಜರಿ ಪುಸ್ತಕ ಮುಂದಿಟ್ಟರು. “ಎಲ್ಲಾಮೇ ನೀಂಗ ಪೋಟ್ಟ ಸೈನ್ ದಾನ್, ಮೇಡಂ,” ಎಂದರು. ಎಲ್ಲವೂ ನೀವೇ ಹಾಕಿದ ಸಹಿ ಎಂದು. ಒಂದೇ ಪೆನ್ನು, ಒಂದೇ ಓಟ. ಅದರಲ್ಲೊಂದು ದಿನ ಪೊಂಗಲ್. ಕಾಲೇಜಿಗೆ ಬೀಗ ಹಾಕಿದ್ದ ದಿನವೂ ಗಿರಿಜಾ ನನ್ನ ಪುಸ್ತಕದಲ್ಲಿ ಹಾಜರಿದ್ದಳು.

ಅಷ್ಟಾದರೂ ಹನ್ನೆರಡು ದಿನ ನಾನು ಪೆನ್ನು ಮುಟ್ಟಲಿಲ್ಲ. ಮೂವತ್ತನಾಲ್ಕು ವರ್ಷದ ಕೆಲಸ, ಹೆಸರು, ಇನ್ನೂ ಪರೀಕ್ಷಕಿಯಾಗಿ ಕರೆಯುವ ಕಾಲೇಜುಗಳು ಎಲ್ಲ ಕಣ್ಣ ಮುಂದೆ ಬರುತ್ತಿದ್ದವು. ಗಿರಿಜಾ ಒಂದು ಸಲವೂ ಫೋನ್ ಮಾಡಲಿಲ್ಲ. ಮಾಡಿದ್ದರೆ ರೇಗಿಯಾದರೂ ಬಿಡಬಹುದಿತ್ತು. ಹದಿಮೂರನೆಯ ದಿನ ಅರ್ಧ ಪುಟ ಬರೆದೆ: ಅವಳು ಬರೆದದ್ದು ನಿಜ, ನಾನು ಕೊಟ್ಟ ಸರ್ಟಿಫಿಕೇಟ್ ಸುಳ್ಳು, ಅವಳು ಎರಡು ಸಲ ಎಕ್ಸ್‌ಟೆನ್ಷನ್ ಕೇಳಿದ್ದಳು, ನಾನು ಕೊಡಲಿಲ್ಲ. ನೋಟರಿ ಮಾಡಿಸಿ ಕಳಿಸಿದೆ. ಕಾಲೇಜಿಗೂ ಒಂದು ಪ್ರತಿ ಕೊಟ್ಟೆ. ಆಮೇಲೆ ಪರೀಕ್ಷಕಿಯಾಗಿ ನನ್ನನ್ನು ಯಾರೂ ಕರೆಯಲಿಲ್ಲ.

ಮೂರು ತಿಂಗಳಿಗೆ ಉತ್ತರ ಬಂತು. ಅವಳ ಮಾತನ್ನು ನಂಬಿದ್ದರು. ಆದರೆ ಇಂಟರ್ನ್‌ಶಿಪ್ ಅಪೂರ್ಣ. ಉಳಿದದ್ದನ್ನು ಮುಗಿಸಿ ಹೊಸದಾಗಿ ಅರ್ಜಿ ಹಾಕಬಹುದು ಎಂದಿದ್ದರು.

ಒಂಬತ್ತು ವರ್ಷದ ಹಿಂದಿನ ನಲವತ್ತಮೂರು ದಿನಕ್ಕೆ ಈಗ ಅನುಮತಿ ಯಾರು ಕೊಡುತ್ತಾರೆ? ವಿಶ್ವವಿದ್ಯಾಲಯಕ್ಕೆ ಪತ್ರ, ಮೂರು ಪ್ರತಿ, ಅವರ ಪ್ರಶ್ನೆ, ನಮ್ಮ ಉತ್ತರ. ಅಂದು ತಪ್ಪಿಸಿಕೊಂಡದ್ದನ್ನು ಈಗ ಮಂಡಿ ನೋವು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಇಳಿದು ಮಾಡಿದೆ. ಅನುಮತಿ ಸಿಗಲು ಏಳು ತಿಂಗಳು ಹಿಡಿಯಿತು. ಗಿರಿಜಾ ಕೆಲಸ ಬಿಟ್ಟು, ತನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಬಿಳಿ ಕೋಟು ತೊಟ್ಟು ನಿಂತಳು. ಅವರು ಅವಳನ್ನು ‘ಅಕ್ಕಾ’ ಎಂದು ಕರೆಯುತ್ತಿದ್ದರಂತೆ.

ಕೊನೆಯ ದಿನ ಸಂಜೆ ಹಾಜರಿಯ ಹಾಳೆ ತೋರಿಸಲು ಮನೆಗೆ ಬಂದಳು. ದಿನಕ್ಕೊಂದು ಸಹಿ, ಬೇರೆ ಬೇರೆ ಪೆನ್ನು. ಮಗಳು ಸೋಫಾದ ಮೇಲೆ ಕೂತು ಫೋನಿನಲ್ಲಿ ಅಪ್ಪನಿಗೆ ತನ್ನ ಬಿದ್ದ ಹಲ್ಲಿನ ಜಾಗ ತೋರಿಸುತ್ತಿದ್ದಳು. ನಾನು ಹಾಳೆ ವಾಪಸ್ಸು ಕೊಟ್ಟು, “ನನ್ನನ್ನು ಕ್ಷಮಿಸು ತಾಯಿ,” ಎಂದೆ.

ಗಿರಿಜಾ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ದನಿಯಲ್ಲಿ ಕೋಪವಿರಲಿಲ್ಲ, ಬರೀ ಆಯಾಸ. “ಅವತ್ತೇ ಮಾಡ್ಸಿದ್ರೆ ನಲವತ್ಮೂರೇ ದಿನ ಮೇಡಂ.”

ಆಗ ನಾನು ಮಾಡಿದ್ದಕ್ಕೆ ಇಷ್ಟು ವರ್ಷ ದಯೆ ಎಂದು ಹೆಸರಿಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆವತ್ತು ನನಗೆ ಸುಸ್ತಾಗಿತ್ತು, ಅಷ್ಟೇ. ಸಹಿ ಹಾಕುವುದು ಸುಲಭವಾಗಿತ್ತು. ವೃತ್ತಿ ನನಗೆ ಈ ಪಾಠ ಕಲಿಸಿದ್ದು ನಿವೃತ್ತಿಯ ನಂತರ. ಹಾಗೆ ಇನ್ನೆಷ್ಟು ಮಕ್ಕಳಿಗೆ ಅಡ್ಜಸ್ಟ್ ಮಾಡಿದ್ದೆನೋ ಲೆಕ್ಕವಿಲ್ಲ. ಹಳೆಯ ವಿದ್ಯಾರ್ಥಿ ಅಂತ ಯಾರಾದರೂ ಫೋನ್ ಮಾಡಿದರೆ ಈಗ ಮೊದಲು ಎದೆ ಧಸಕ್ಕೆನ್ನುತ್ತದೆ.