ಮೂವತ್ನಾಲ್ಕು ಎಲ್ಲಿಂದ ಬಂತು

ಬೀದರಿನ ಮೈಲೂರಿನ ಸಪನಾ ಕಾಲೇಜನ್ನು ಅರ್ಧಕ್ಕೆ ಬಿಟ್ಟವಳು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಆರು ವರ್ಷ ದುಡಿದು, ಪ್ರೋಗ್ರಾಮು ಬರೆಯುವುದನ್ನೂ ತಾನೇ ಕಲಿತಳು. ಭಾಲ್ಕಿಯ ಸಂಜುಕುಮಾರ ಹಳ್ಳಿಯ ಆಶಾ ಕಾರ್ಯಕರ್ತೆಯರಿಗೆಂದು ಅಗ್ಗದ ಫೋನು ಮಾಡುವ ಸಣ್ಣ ಕಂಪನಿ ತೆರೆದಾಗ ಅವಳನ್ನು ಕರೆದು ಕೆಲಸಕ್ಕಿಟ್ಟುಕೊಂಡ.

ಆ ಫೋನಿನ ನೆತ್ತಿಯಲ್ಲಿ ಎಳ್ಳಿನಷ್ಟು ಒಂದು ಸೆನ್ಸರ್. ಬಿಸಿಲಿಗೆ ಒಯ್ದರೆ ಪರದೆ ಬೆಳಗಬೇಕು, ಕಿವಿಗಿಟ್ಟರೆ ಆರಬೇಕು. ಆದರೆ ಫೋನಿನ ಒಡಲಲ್ಲಿ ಕೂತು ಎಲ್ಲವನ್ನೂ ನಡೆಸುವ ಲಿನಕ್ಸ್ ಕರ್ನೆಲ್‌ಗೆ ಈ ಸೆನ್ಸರಿನ ಮಾತು ತಿಳಿಯದು. ನಡುವೆ ನಿಂತು ತಿಳಿಸಿ ಹೇಳುವ ಡ್ರೈವರನ್ನು ಯಾರೂ ಬರೆದಿರಲಿಲ್ಲ. ಸಪನಾ ಎಂಟು ತಿಂಗಳು ಕೂತು ಬರೆದಳು.

ಔರಾದಿನ ಆಶಾ ಕಾರ್ಯಕರ್ತೆ ಅಕ್ತರಬೀ ಒಬ್ಬಳ ಫೋನು ಮಾತ್ರ ಹಟ ಹಿಡಿಯಿತು. ಕಿವಿಗಿಟ್ಟರೂ ಪರದೆ ಆರದು; ಕೆನ್ನೆ ತಗುಲಿ ಮಾತು ನಡುವೆಯೇ ಕಡಿಯುವುದು. ಸಪನಾ ಬಸ್ಸು ಹತ್ತಿ ಹೋಗಿ ಇಡೀ ದಿನ ಅವಳ ಅಂಗಳದಲ್ಲಿ ಕೂತಳು. ಸೆನ್ಸರ್ ಕಾಣದ ಬೆಳಕನ್ನು ಎಸೆದು, ಮರಳಿ ಬಂದಷ್ಟನ್ನು ಅಳೆಯುತ್ತದೆ. ನೂರಿಪ್ಪತ್ತು ಬಂದರೆ ಏನೋ ಹತ್ತಿರವಿದೆ ಎಂದು ತಯಾರಕರ ಪುಸ್ತಕ ಹೇಳುತ್ತಿತ್ತು. ಅಕ್ತರಬೀಯ ಕಿವಿ ಮುಚ್ಚಿದ ಕಪ್ಪು ಬುರ್ಖಾ ಬೆಳಕನ್ನು ನುಂಗಿ ನಲವತ್ತರ ಆಸುಪಾಸನ್ನಷ್ಟೇ ಮರಳಿಸುತ್ತಿತ್ತು. ಸಪನಾ ಹತ್ತಾರು ಸಲ ಅಳೆದಳು; ಎಲ್ಲಕ್ಕಿಂತ ಕಡಿಮೆ ಬಂದದ್ದು ಮೂವತ್ನಾಲ್ಕು. ಡ್ರೈವರಿನಲ್ಲಿ ಪುಸ್ತಕದ ಸಂಖ್ಯೆ ಅಳಿಸಿ ಅದನ್ನೇ ಬರೆದಳು.

ಲಿನಕ್ಸ್ ಕರ್ನೆಲ್ ಒಬ್ಬರ ಸ್ವತ್ತಲ್ಲ. ಬರೆದದ್ದನ್ನು ಅಂತರ್ಜಾಲದಲ್ಲಿ ಎಲ್ಲರೂ ಓದುವ ಟಪಾಲಿಗೆ ಹಾಕಬೇಕು. ಬಲ್ಲವರು ಪ್ರಶ್ನೆ ಕೇಳಿ, ಒಪ್ಪಿದರೆ ಸೇರಿಸುತ್ತಾರೆ. ಇದನ್ನು ಕೊಡುವ ಹಕ್ಕು ನನಗಿದೆ ಎಂದು ಕೆಳಗೊಂದು ಸಹಿಯ ಸಾಲು ಇರಬೇಕು. ಸಂಜುಕುಮಾರ ಸಪನಾಳ ಡ್ರೈವರನ್ನು ತನ್ನ ಹೆಸರಿನಲ್ಲಿ ಕಳಿಸಿ, ತಾನೇ ಸಹಿ ಹಾಕಿದ. ಅವಳು ಕೇಳಿದ್ದಕ್ಕೆ ಎಲ್ಲರೆದುರು ನಕ್ಕ.

"ಮೊಬೈಲಿಗೆ ಗ್ಲಾಸ್ ಹಚ್ಚಾಕಿ ಹೆಸರ ಯಾರ ಓದ್ತಾರವಾ?"

ಸಪನಾ ಮರುದಿನವೇ ಕೆಲಸ ಬಿಟ್ಟಳು. ಆಗಲೇ ದೂರು ಬರೆಯಬಹುದಿತ್ತು, ಬರೆಯಲಿಲ್ಲ. ಮೂವತ್ನಾಲ್ಕರ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ದಿನಾ ಮುಂಜಾನೆ ಬುದ್ಧವಂದನೆ, ಪಂಚಶೀಲ ಮುಗಿಸಿ, ದೀಪದ ಮುಂದೆಯೇ ಫೋನು ತೆರೆದು ಆ ಟಪಾಲು ಓದುವಳು.

ಹನ್ನೊಂದನೆಯ ದಿನ ಪ್ರಶ್ನೆ ಬಂತು. ಪುಸ್ತಕದಲ್ಲಿ ನೂರಿಪ್ಪತ್ತಿರುವಾಗ ಇಲ್ಲಿ ಮೂವತ್ನಾಲ್ಕು ಯಾಕೆ? ಅಂದೇ ಮಧ್ಯಾಹ್ನ ಸಂಜುಕುಮಾರನ ಕರೆ. ಸಪನಾ ಮೂರು ಸಲ ರಿಂಗಾಗಲು ಬಿಟ್ಟು ಎತ್ತಿದಳು.

"ಸಪನಾ, ಆ ಮೂವತ್ನಾಲ್ಕ ಎಲ್ಲಿಂದ ಬಂತು?"

"ಅದರ ಕೆಳಗ ಸಹಿ ನಿಮ್ಮದದರಿ. ನಿಮಗೇ ಗೊತ್ತಿರಬೇಕಲ್ಲರಿ."

ಅವನು ಕರಿ ಕಾಗದ ಹಿಡಿದು ಅಳೆದೆನೆಂದು ಬರೆದ. ಹಾಗಾದರೆ ಅಳತೆಗಳನ್ನು ತೋರಿಸಿ ಎಂದರು. ಅವನು ಮನಸ್ಸಿಗೆ ಬಂದ ಸಂಖ್ಯೆಗಳನ್ನು ಬರೆದ. ಯಾವ ಕರಿ ಕಾಗದವೂ ಇಷ್ಟು ಬೆಳಕು ನುಂಗುವುದಿಲ್ಲವಲ್ಲ ಎಂದು ಒಬ್ಬರು ಅಳೆದು ತೋರಿಸಿದರು. ಸಹಿ, ಕಾಗದ, ಅಳತೆ, ಮೂರೂ ಸುಳ್ಳು ಅವನದೇ ಬರಹದಲ್ಲಿ ಲೋಕದೆದುರು ಬಂದಮೇಲೆ ಸಪನಾ ತನ್ನ ಪತ್ರ ಹಾಕಿದಳು. ಔರಾದಿನ ಅಳತೆಯ ಪಟ್ಟಿ, ತಾರೀಖು, ಬುರ್ಖಾದ ಮೇಲೆ ಫೋನು ಹಿಡಿದ ಅಕ್ತರಬೀಯ ಕೈಯ ಚಿತ್ರ. ಒಂದೂ ಕಟುಮಾತಿಲ್ಲ.

ಎರಡೇ ದಿನಕ್ಕೆ ಟಪಾಲಿನ ಬಲ್ಲವರು ಡ್ರೈವರನ್ನು ಅವಳ ಹೆಸರಿನಲ್ಲಿ ಸೇರಿಸಿಕೊಂಡರು. ಇವರು ಮುಂದೆ ಏನೇ ಕಳಿಸಿದರೂ ಮೂಲ ವಿಚಾರಿಸಿಯೇ ನೋಡುತ್ತೇವೆ ಎಂದು ಸಂಜುಕುಮಾರನ ಬಗ್ಗೆ ಅಲ್ಲೇ ಬರೆದರು. ಆ ಟಪಾಲಿನಿಂದ ಯಾವ ಪತ್ರವನ್ನೂ ಯಾರೂ ಅಳಿಸುವಂತಿಲ್ಲ. ಫೋನು ಕೊಳ್ಳಬಂದವರೂ ಅದನ್ನು ಓದಿದರು.

ಅವನು ಮೈಲೂರಿಗೆ ಬಂದ. ಸಪನಾಳ ತಾಯಿ ಶಾಲುಬಾಯಿ ಕುರ್ಚಿ ಹಾಕಿ ಚಹಾ ಕೊಟ್ಟಳು. ತಪ್ಪು ತಿಳುವಳಿಕೆಯಿಂದ ಆಯಿತೆಂದು ಒಂದೇ ಸಾಲು ಬರೆದುಕೊಡಿ ಎಂದು ಅವನು ಸಪನಾಳನ್ನು ಬೇಡಿದ.

"ಅಕ್ಕೋರೆ, ಕಂಪನಿ ಮುಳುಗ್ತದರಿ."

"ಸುಳ್ಳು ಆಡಲ್ಲ ಅಂತ ದಿನಾ ಶೀಲ ಹೇಳ್ತೇನಿರಿ," ಎಂದಳು ಸಪನಾ. "ಹ್ಯಾಂಗ ಬರೀಲಿ?"

ಅವನು ಚಹಾ ಮುಟ್ಟದೆ ಎದ್ದು ಹೋದ. ಶಾಲುಬಾಯಿ ಲೋಟ ಎತ್ತುತ್ತ ಮಗಳ ಮುಖ ನೋಡಿದಳು.

"ಶೀಲ ನಿನ್ನ ಬಾಯಾಗ ಅದ, ಮನಸಿನಾಗ ಇಲ್ಲ."

"ಹೌದವಾ," ಎಂದಳು ಸಪನಾ, "ಇವತ್ತ ಇಲ್ಲ."